ಎದುರಿನ ಕುರ್ಚಿ ಖಾಲಿ ಇದ್ದ ದಿನ

ನಿವೃತ್ತಿಯಾಗಿ ಇದು ಎರಡನೆಯ ಬೇಸಿಗೆ. ಈಗಲೂ ಮನೆಯಲ್ಲಿ ಫೋನು ರಿಂಗಾದರೆ ನನ್ನ ಎದೆ ಝಲ್ಲೆನ್ನುತ್ತದೆ. ಆ ಕಡೆ ಇರುವವರು ಗ್ಯಾಸ್ ಸಿಲಿಂಡರಿನವರು, ಇಲ್ಲವೇ ಗಿಲ್ಲೆಸುಗೂರಿನಿಂದ ನನ್ನ ತಂಗಿ. ಆದರೂ ಹಲೋ ಎನ್ನುವ ಬದಲು "ಯಾವ ಗ್ರೂಪ್?" ಎಂದು ಕೇಳಿಬಿಡುತ್ತೇನೆ. "ನೀ ಆಫೀಸ್ ಬಿಟ್ಟಿ, ಆಫೀಸ್ ನಿನ್ನ ಬಿಟ್ಟಿಲ್ಲ ನೋಡಕ್ಕಾ" ಎಂದು ತಂಗಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಆಗಾಗ ಮನೆಗೆ ಬಂದು, "ಮೇಡಂ, ಯಾವ್ಯಾವ ಕಮಾಂಡ್ ಕಲೀಬೇಕ್ರಿ?" ಎಂದು ಕೇಳುತ್ತಾರೆ. ಕಮಾಂಡುಗಳನ್ನು ಹದಿನೈದು ದಿನದಲ್ಲಿ ಕಲಿಯಬಹುದು. ಹೆದರುವುದನ್ನು ಕಲಿಯಲು ನನಗೆ ವರ್ಷಗಟ್ಟಲೆ ಹಿಡಿಯಿತು, ಅದೂ ಪೂರ್ತಿ ಕಲಿಯಲಿಲ್ಲ. ಒಂದು ಮಧ್ಯಾಹ್ನ ಹೆದರುವುದನ್ನು ಮರೆತೆ. ಅದನ್ನು ಬರೆಯಲೆಂದೇ ಕೂತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಹಾರದ ಮಾತು ಇದರಲ್ಲಿ ಸಿಗುವುದಿಲ್ಲ, ಬೇಕಾದವರು ಇಲ್ಲಿಗೇ ಬಿಡಬಹುದು.

ನಾನಿದ್ದದ್ದು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ. ಸೇರಿದಾಗ ನನ್ನ ಕೆಲಸ ಎಕ್ಸ್‌ರೇ ಫಿಲ್ಮುಗಳನ್ನು ಕಂದು ಲಕೋಟೆಗೆ ಹಾಕಿ, ನಂಬರು ಬರೆದು ಕಬ್ಬಿಣದ ಅಲಮಾರಿಗೆ ಸೇರಿಸುವುದು. ಮುಂದೆ ಫಿಲ್ಮು ಹೋಗಿ ಕಂಪ್ಯೂಟರು ಬಂತು. ದೇವದುರ್ಗ, ಮಾನ್ವಿ, ಸಿರವಾರದಲ್ಲಿ ಆಸ್ಪತ್ರೆಯ ಸ್ಕ್ಯಾನ್ ಕೇಂದ್ರಗಳಾದವು. ಅಲ್ಲಿ ತೆಗೆದ ಚಿತ್ರ ರಾಯಚೂರಿನ ನಮ್ಮ ತಂಪು ಕೋಣೆಯ ಡಿಸ್ಕುಗಳಿಗೆ ಬಂದು ಬೀಳಬೇಕು, ಇಲ್ಲಿನ ಡಾಕ್ಟರು ಅದನ್ನು ತೆರೆದು ಏನಾಗಿದೆಯೆಂದು ಹೇಳಬೇಕು. ಡಿಸ್ಕುಗಳನ್ನು ವಾಲ್ಯೂಮ್ ಎಂಬ ತುಂಡುಗಳಾಗಿ ಹಂಚಿ, ಒಂದಷ್ಟು ವಾಲ್ಯೂಮುಗಳನ್ನು ಕೂಡಿಸಿ ಒಂದು ಗ್ರೂಪ್ ಕಟ್ಟುತ್ತಿದ್ದೆವು. ಎಲ್ಲವೂ ಕರಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ. ಟೈಪು ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಹೌದೇ, ಖಂಡಿತವೇ ಎಂದು ಆ ಪರದೆ ಯಾರನ್ನೂ ಕೇಳುತ್ತಿರಲಿಲ್ಲ.

ಪರದೆ ಕೇಳದಿದ್ದುದನ್ನು ಕೇಳುತ್ತಿದ್ದವರು ಖಾದರ್ ಸಾಹೇಬರು, ನಮ್ಮ ವಿಭಾಗದ ಮುಖ್ಯಸ್ಥರು. ಕಂಪ್ಯೂಟರಿಗೆ ಬರುವ ಮೊದಲು ಅದೇ ಆಸ್ಪತ್ರೆಯ ರಕ್ತನಿಧಿಯಲ್ಲಿದ್ದವರು. ಅಲ್ಲಿ ರಕ್ತದ ಚೀಲ ಕೊಡುವ ಮೊದಲು ಒಬ್ಬರು ಅದರ ಚೀಟಿಯನ್ನು ಗಟ್ಟಿಯಾಗಿ ಓದಬೇಕು. ಎದುರಿಗಿದ್ದವರು ಕೇಳಿಸಿಕೊಂಡು "ಮತ್ತೊಮ್ಮೆ ಓದು" ಎನ್ನಬೇಕು. ಸಾಹೇಬರು ಆ ಪದ್ಧತಿಯನ್ನು ಹಾಗೆಯೇ ನಮ್ಮ ಕೋಣೆಗೆ ತಂದರು. ಕಮಾಂಡನ್ನು ಮೊದಲು ಉದ್ದನೆಯ ರೂಲು ಪುಸ್ತಕದಲ್ಲಿ ಕೈಯಿಂದ ಬರೆಯಬೇಕು. ಎದುರಿನ ಕುರ್ಚಿಯಲ್ಲಿ ಒಬ್ಬರು ಕೂರಬೇಕು. ಎರಡು ಸಲ ಓದಬೇಕು. ಕೇಳಿದವರು ಒಂದಾದರೂ ಪ್ರಶ್ನೆ ಕೇಳಲೇಬೇಕು, ದಡ್ಡ ಪ್ರಶ್ನೆಯಾದರೂ ಸರಿ. ಆಮೇಲೆ "ಕೇಳಿದವರು" ಎಂಬ ಕೊನೆಯ ಕಾಲಮಿನಲ್ಲಿ ಅವರ ಸಹಿ, ಅದಾದ ಮೇಲೆ ಎಂಟರ್. ಆಸ್ಪತ್ರೆಯ ಉಳಿದವರು ನಮ್ಮನ್ನು "ಕಂಪ್ಯೂಟರಿಗೆ ಮಗ್ಗಿ ಒಪ್ಪಿಸೋ ಮಂದಿ" ಎಂದು ಚಾಷ್ಟಿ ಮಾಡುತ್ತಿದ್ದರು.

ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ದೇವದುರ್ಗದ ಗ್ರೂಪಿನಿಂದ ಒಂದು ಖಾಲಿ ವಾಲ್ಯೂಮನ್ನು ಅಳಿಸಬೇಕಿತ್ತು. ಬರೆದೆ, ಸಾಹೇಬರ ಎದುರು ಎರಡು ಸಲ ಓದಿದೆ. ಹೆಸರು, ನಂಬರು ಎಲ್ಲ ಸರಿ ಇತ್ತು.

"ಖಾಲಿ ಅದ ಅಂತ ಹೆಂಗ ಗೊತ್ತು, ಬೇಟಿ?" ಎಂದರು ಸಾಹೇಬರು.

"ನಿನ್ನೆ ನೋಡೀನ್ರಿ ಸಾಹೇಬ್ರ."

"ನಿನ್ನೆ ನೋಡಿದ್ದು ನಿನ್ನೆಗಾತು. ಈಗ ನೋಡು."

ಮನಸ್ಸಿನಲ್ಲೇ ಗೊಣಗುತ್ತಾ ನೋಡಿದೆ. ಅದು ಖಾಲಿ ಇರಲಿಲ್ಲ. ದೇವದುರ್ಗದವರು ಬೆಳಗಿನಿಂದ ಹೊಸ ಚಿತ್ರಗಳನ್ನೆಲ್ಲ ಅದರಲ್ಲೇ ತುಂಬುತ್ತಿದ್ದರು. ಅಳಿಸಿದ್ದರೆ ಅವು ಮರಳಿ ಬರುತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ಎಂಟರ್ ಒತ್ತುವ ನನ್ನ ಬಲಗೈ ಕಿರುಬೆರಳಾಗಿತ್ತು. ಹೊರಗೆ ಹೋಗಿ ನೀರಿನ ಟಾಕಿಯ ಹಿಂದೆ ನಿಂತು ಅತ್ತೆ. ಸಾಹೇಬರು ಚಹಾ ಹಿಡಿದುಕೊಂಡು ಅಲ್ಲಿಗೇ ಬಂದರು. "ಹೆದರಿಕಿ ಬಂತಲ್ಲ, ಚಲೋ ಆತು. ಹೆದರಿಕಿ ಇಲ್ಲದ ಮನಶ್ಯಾನ ಕೈಯಾಗ ಈ ಖೋಲಿ ಕೀಲಿ ಕೊಡಬಾರದು" ಎಂದರು.

ಆ ಹೆದರಿಕೆಗೆ ಮುಖ ಕೊಟ್ಟದ್ದು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯ ಒಬ್ಬ ಮುದುಕ. ಕಂಪ್ಯೂಟರು ಬದಲಿಸುವ ಕೆಲಸಕ್ಕೆ ನಾನು ಬಸ್ಸಿನಲ್ಲಿ ದೇವದುರ್ಗದ ಕೇಂದ್ರಕ್ಕೆ ಹೋಗಿದ್ದೆ. ಕುರಿ ಕಾಯುವವನು, ಹೆಗಲ ಮೇಲೆ ಕಂಬಳಿ. ಕಾಲು ಮುರಿದುಕೊಂಡಾಗ ತೆಗೆಸಿದ ಹಳೆಯ ಎಕ್ಸ್‌ರೇ ಬೇಕೆಂದು ಬಂದಿದ್ದ. ಲಕೋಟೆ ಕೇಳಿದವನಿಗೆ ಪರದೆಯಲ್ಲಿ ತೆರೆದು ತೋರಿಸಿದೆ. ತನ್ನ ಎಲುಬನ್ನು ತಾನೇ ಬಹಳ ಹೊತ್ತು ನೋಡಿದ.

"ಇದು ಈ ಡಬ್ಬಿಯಾಗೇನು ಇರೂದು?"

"ಇಲ್ಲ ಯಪ್ಪಾ, ರಾಯಚೂರಾಗ ಇರ್ತದ. ನಮ್ಮ ಹತ್ರ."

"ಹಂಗಾದ್ರ ನಮ್ಮೂರ ಮಂದಿ ಎಲುಬೆಲ್ಲ ನಿನ್ನ ಕೈಯಾಗ ಅದಾವ ಅನ್ನು" ಎಂದು ನಕ್ಕ. "ಸಂಭಾಳಿಸು ಯವ್ವಾ. ಕುರಿ ಆದ್ರ ಒದರ್ತಾವ, ಎಲುಬು ಒದರಂಗಿಲ್ಲ."

ಮರಳಿ ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಆ ಮಾತೇ ತಲೆಯಲ್ಲಿತ್ತು. ಅಲ್ಲಿಯವರೆಗೆ ನನಗೆ ವಾಲ್ಯೂಮ್ ಎಂದರೆ ಒಂದು ನಂಬರು. ಅಂದಿನಿಂದ ಅದರೊಳಗೆ ಜನರಿದ್ದರು, ಕೂಗಲು ಬಾರದ ಜನ.

ಬ್ಯಾಂಡ್‌ವಿಡ್ತಿನ ಕಾಟ, ಅಂದರೆ ಚಿತ್ರಗಳು ಹರಿಯುವ ದಾರಿ ಸಾಲದ ಕಾಟ, ಶುರುವಾದದ್ದು ಆಮೇಲೆ. ದೇವದುರ್ಗದ ಹಳೆಯ ಚಿತ್ರಗಳನ್ನು ಹೊಸ ಡಿಸ್ಕಿಗೆ ಸಾಗಿಸಲು ಹಚ್ಚಿದರೆ ರಾಯಚೂರಿನ ಡಾಕ್ಟರಿಗೆ ಒಂದು ಚಿತ್ರವೂ ತೆರೆಯುತ್ತಿರಲಿಲ್ಲ. ಸ್ಕ್ಯಾನ್ ನೋಡುವ ಡಾಕ್ಟರು ಸುನಂದಾ ಮೇಡಂ ಕಡು ಕೋಪಿಷ್ಠೆ. ಒಮ್ಮೆ ನಮ್ಮ ಕೋಣೆಗೇ ಬಂದು, "ನೀವು ಗಂಟು ಮೂಟೆ ಕಟ್ಟೋವರೆಗೆ ನನ್ನ ಪೇಶಂಟ್ ಉಸಿರು ಹಿಡಿದುಕೊಂಡು ಇರಬೇಕೇನ್ರಿ?" ಎಂದು ಕೂಗಾಡಿದರು. ಆಗ ಪ್ರತಿ ಗ್ರೂಪಿಗೂ ಒಂದು ಮಿತಿ ಹಾಕುವುದನ್ನು ಕಲಿತೆವು, ಸೆಕೆಂಡಿಗೆ ಇಷ್ಟೇ ಹರಿಯಬೇಕು ಎಂದು. ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಕಷ್ಟವಿಲ್ಲ. ಗ್ರೂಪ್ ಎಂದರೆ ಕಾಲುವೆ, ಅದರ ವಾಲ್ಯೂಮುಗಳು ಹೊಲಗಳು, ಮಿತಿ ಎಂದರೆ ಗೇಟು. ಗೇಟು ಇಳಿಸಿದರೆ ಕಾಲುವೆಯ ತಲೆಯಲ್ಲಿರುವ ಹೊಲ ಹೇಗೋ ಕುಡಿಯುತ್ತದೆ, ಕೊನೆಯ ಹೊಲ ಒಣಗುತ್ತದೆ.

ಗ್ರೂಪುಗಳಿಗೆ ಸಾಹೇಬರು ತಾಲ್ಲೂಕಿನ ಹೆಸರುಗಳನ್ನೇ ಇಟ್ಟಿದ್ದರು: ರಾಯಚೂರು, ದೇವದುರ್ಗ, ಮಾನ್ವಿ. ಸಿರವಾರ ಆಗ ಮಾನ್ವಿ ತಾಲ್ಲೂಕಿನಲ್ಲಿತ್ತು, ಅದರ ವಾಲ್ಯೂಮು ಮಾನ್ವಿ ಗ್ರೂಪಿನೊಳಗೆ ಹೋಯಿತು. ಮುಂದೆ ಸಿರವಾರವೇ ಒಂದು ತಾಲ್ಲೂಕಾಯಿತು. ಆಸ್ಪತ್ರೆಯ ಫಾರ್ಮು, ರಬ್ಬರ್ ಸ್ಟಾಂಪು, ಬೋರ್ಡು ಎಲ್ಲ ಬದಲಾದವು. ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿ ಅವರ ಕುರ್ಚಿಗೆ ನಾನು ಬಂದಿದ್ದೆ. ನಾನೂ "ಸಿರವಾರ" ಎಂಬ ಹೊಸ ಗ್ರೂಪ್ ಮಾಡಿದೆ. ಆದರೆ ಮಾನ್ವಿಯೊಳಗಿದ್ದ ವಾಲ್ಯೂಮನ್ನು ಇದಕ್ಕೆ ಸಾಗಿಸಲು ಆ ಕೇಂದ್ರವನ್ನು ಅರ್ಧ ದಿನ ನಿಲ್ಲಿಸಬೇಕಿತ್ತು. ಮುಂದಿನ ಭಾನುವಾರ ಮಾಡಿದರಾಯಿತು ಎಂದುಕೊಂಡೆ. ಎಷ್ಟೋ ಭಾನುವಾರಗಳು ಹೋದವು. ಪಟ್ಟಿಯಲ್ಲಿ ಸಿರವಾರ ಎಂಬ ಹೆಸರು ದಿನವೂ ಕಣ್ಣಿಗೆ ಬೀಳುತ್ತಿತ್ತು. ಅದು ಬರೀ ಹೆಸರು, ಒಳಗೆ ಏನೂ ಇಲ್ಲ ಎಂಬುದು ನನಗೆ ಮರೆತೇಹೋಯಿತು.

ನಿವೃತ್ತಿಗೆ ಮೂರು ವರ್ಷ ಇದ್ದಾಗಿನ ಮಾತು. ಬುಧವಾರ. ಮಾನ್ವಿಯ ಸ್ಕ್ಯಾನ್ ಯಂತ್ರ ರಿಪೇರಿಗೆ ನಿಂತಿತ್ತು. ದೇವದುರ್ಗದಲ್ಲಿ ಎರಡು ದಿನದ ಚಿತ್ರಗಳು ಬಾಕಿ ಬಿದ್ದಿದ್ದವು. ಮಾನ್ವಿಯಲ್ಲಿ ಇವತ್ತು ಯಾರೂ ಇಲ್ಲ, ಅದರ ಗೇಟು ಇಳಿಸಿ ದೇವದುರ್ಗಕ್ಕೆ ನೀರು ಬಿಡೋಣ ಎಂದುಕೊಂಡೆ. ಎದುರು ಕೂರಬೇಕಾದ ನನ್ನ ಸಹಾಯಕ ನರಸಪ್ಪ ತಾಯಿಯನ್ನು ಬಸ್ ಸ್ಟ್ಯಾಂಡಿನಿಂದ ಕರೆತರಲು ಹೋಗಿದ್ದ. "ಒಂದು ತಾಸಿನಾಗ ಬರ್ತೀನ್ರಿ ಮಲ್ಲಮ್ಮಕ್ಕಾರ" ಎಂದು ಹೇಳಿಯೇ ಹೋಗಿದ್ದ. ಒಂದು ತಾಸು ಕಾಯಬಹುದಿತ್ತು. ಕಾಯಲಿಲ್ಲ.

ಪುಸ್ತಕದಲ್ಲಿ ಬರೆದೆ: ಗ್ರೂಪ್ ಮಾನ್ವಿ, ಮಿತಿ ಒಂದು, ಸೆಕೆಂಡಿಗೆ ಎಂ.ಬಿ. ಪದ್ಧತಿ ಬಿಡಬಾರದೆಂದು ಖಾಲಿ ಕುರ್ಚಿಗೆ ಗಟ್ಟಿಯಾಗಿ ಎರಡು ಸಲ ಓದಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕುರ್ಚಿ ಏನೂ ಕೇಳಲಿಲ್ಲ. ಎಂಟರ್ ಒತ್ತಿ ಊಟದ ಡಬ್ಬಿ ಬಿಚ್ಚಿದೆ.

ಮೊದಲ ಫೋನು ಸಿರವಾರದ ಕೇಂದ್ರದ ಮಹಿಬೂಬನದು. ಅಲ್ಲಿ ಸ್ಕ್ಯಾನ್ ತೆಗೆಯುವವನು ಅವನೇ.

"ಅಕ್ಕಾರ, ಒಂದು ತಲಿ ಸ್ಕ್ಯಾನ್ ಕಳಸಾಕತ್ತೀನ್ರಿ, ಹೋಗವಲ್ದು. ಅರ್ಧ ಹೋಗಿ ನಿಲ್ತದ, ಮತ್ತ ಮೊದಲಿಂದ ಶುರು ಆಗ್ತದ."

"ನಿಮ್ಮ ಲೈನ್ ನೋಡ್ಕೋ ಮಹಿಬೂಬ. ಇಲ್ಲೆಲ್ಲ ಬರಾಬರ್ ಅದ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಒಂದು ಸಲವೂ ನೋಡದೆ ಹೇಳಿದ ಮಾತದು. ಊರುಗಳ ಲೈನು ಕೆಡುವುದು ದಿನನಿತ್ಯದ ಸಂಗತಿ, ಆದ್ದರಿಂದ ಅವನೂ ನಂಬಿದ. ಪಾಪ, ಆ ಹುಡುಗ ಮಾಳಿಗೆ ಹತ್ತಿ ವೈರು ತಡವುತ್ತಾ ಕೂತನಂತೆ. ಅನ್ನ ಕಲಸಿ ನಾನು ಊಟ ಮುಗಿಸಿದೆ.

ಎರಡನೆಯ ಫೋನಿನಲ್ಲಿ ಅವನ ದನಿ ಬದಲಾಗಿತ್ತು. "ಅಕ್ಕಾರ, ಹೆಣ್ಣಮಗಳ್ರೀ. ನೆಲ್ಲು ನಾಟಿ ಮಾಡಾಕ ಹೋಗಾಕಿ ಟಂಟಂ ಗಾಡಿಯಿಂದ ಬಿದ್ದಾಳ. ಈಗತಾನ ಮಾತಾಡಾಕತ್ತಿದ್ಲು, ಈಗ ನಿದ್ದಿ ಹತ್ತಿದಂಗ ಮಾಡ್ತಾಳ. ಮೊಬೈಲಿನಾಗ ಫೋಟೋ ಹೊಡದು ಮೇಡಂಗ ಕಳಿಸೀನಿ. ಮಸಕ ಅದಾವ, ಇದರಾಗ ನಾ ಏನೂ ಹೇಳಾಕಾಗಲ್ಲ ಅಂದ್ರು. ಅಂಬುಲೆನ್ಸ್ ಬಾಗಲಾಗ ನಿಂತದ್ರೀ. ಏನ್ ಮಾಡ್ಲಿ?"

ನಿಯಮ ಹೀಗಿತ್ತು. ಇದ್ದದ್ದೇ ಒಂದು ಅಂಬುಲೆನ್ಸ್. ತಲೆಯೊಳಗೆ ರಕ್ತ ಸೋರುತ್ತಿದ್ದರೆ ಕೂಡಲೇ ರಾಯಚೂರಿಗೆ, ಇಲ್ಲದಿದ್ದರೆ ಅಲ್ಲೇ ಮಲಗಿಸಿ ನೋಡುವುದು. ಅದನ್ನು ಹೇಳಬೇಕಾದದ್ದು ಚಿತ್ರ. ಚಿತ್ರ ಬರುತ್ತಿರಲಿಲ್ಲ.

ದೂರು ಬಂದ ಹೊತ್ತನ್ನು ಗುರುತು ಹಾಕಲು ಪುಸ್ತಕ ಎಳೆದುಕೊಂಡೆ. ನಾನು ಬರೆದ ಸಾಲಿನ ಕೊನೆಯ ಕಾಲಮು ಖಾಲಿ ಇತ್ತು. ಇನ್ನೂ ಏನೂ ಗೊತ್ತಾಗಿರಲಿಲ್ಲ, ಹೆದರಿಕೆಗೆ ಮಾತ್ರ ನನಗಿಂತ ಮೊದಲೇ ಗೊತ್ತಾಗಿತ್ತು. ಮಾನ್ವಿ ಗ್ರೂಪಿನೊಳಗೆ ಯಾರು ಯಾರಿದ್ದಾರೆ ಎಂದು ಪಟ್ಟಿ ಕೇಳಿದೆ. ಏಳು ಹೆಸರು ಬಂದವು. ಆರು ಮಾನ್ವಿಯವು. ಏಳನೆಯದು ಸಿರವಾರ.

ಮಾನ್ವಿಯ ಹಳೆಯ ಚಿತ್ರಗಳು ಕೆಟ್ಟಿಲ್ಲವಲ್ಲ ಎಂದು ನಮ್ಮ ತಂಪು ಕೋಣೆಯ ಯಂತ್ರ ತನ್ನಷ್ಟಕ್ಕೆ ತಾನು ಪರೀಕ್ಷಿಸುತ್ತಾ ಇತ್ತು. ನಾನು ಬಿಟ್ಟಿದ್ದ ಹನಿ ನೀರನ್ನು ಅದೇ ಕುಡಿಯುತ್ತಿತ್ತು. ಕೊನೆಯ ಹೊಲಕ್ಕೆ ಏನೂ ಉಳಿದಿರಲಿಲ್ಲ. ಮಿತಿ ತೆಗೆಯುವ ಕಮಾಂಡು ಟೈಪು ಮಾಡಿದರೆ ಅವಸರದಲ್ಲಿ ಅಕ್ಷರ ತಪ್ಪಾಯಿತು, ಪರದೆ ತಿರಸ್ಕರಿಸಿತು. ಮತ್ತೆ ತಪ್ಪಾಯಿತು. ಮಕ್ಕಳಿಗೆ ಕಲಿಸುವಂತೆ ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತಾ ಮೂರನೆಯ ಸಲ ಬರೆದೆ. ಎಂಟರ್. ಎರಡೇ ನಿಮಿಷದಲ್ಲಿ ಸಿರವಾರದ ಚಿತ್ರ ಬಂದು ಬಿತ್ತು.

ಕಾರಿಡಾರಿನ ಆಚೆ ಸುನಂದಾ ಮೇಡಂ ಫೋನಿನಲ್ಲಿ ಹೇಳಿದ್ದು ನನ್ನ ಕೋಣೆಯವರೆಗೂ ಕೇಳಿಸಿತು: "ರಕ್ತ ಇದೆ. ಹೊರಡಿಸ್ರಿ. ಈಗಿಂದೀಗ ಹೊರಡಿಸ್ರಿ." ಮಹಿಬೂಬನ ಮೊದಲ ಫೋನಿನಿಂದ ಅಲ್ಲಿಯವರೆಗೆ ಮುಕ್ಕಾಲು ತಾಸು ಹೋಗಿತ್ತು.

ಅಂಬುಲೆನ್ಸ್ ಬರುವವರೆಗೆ ನಾನು ಗೇಟಿನಲ್ಲೇ ನಿಂತೆ. ಇಳಿಸುವಾಗ ನೋಡಿದೆ: ಮೂವತ್ತರ ಆಸುಪಾಸಿನ ಹೆಂಗಸು, ಹೆಸರು ಹುಲಿಗೆಮ್ಮ. ಪಾದಕ್ಕೆ ಗದ್ದೆಯ ಕೆಸರು ಇನ್ನೂ ಹಸಿಯಾಗಿತ್ತು, ಬೆಳಗಿನ ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದಳಂತೆ. ಅವಳ ಗಂಡ ಒಂಟಿ ಚಪ್ಪಲಿಯೊಂದನ್ನು ಎದೆಗೆ ಅವುಚಿಕೊಂಡು ಹಿಂದೆ ಓಡುತ್ತಿದ್ದ. ದೇವರೇ, ಇವಳೊಬ್ಬಳನ್ನು ಉಳಿಸು ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ಅವಳಿಗಾಗಿ ಮಾತ್ರವಲ್ಲ, ನನಗಾಗಿಯೂ.

ಕೋಣೆಗೆ ಬಂದರೆ ನರಸಪ್ಪ ಪುಸ್ತಕದ ಮುಂದೆ ಕೂತಿದ್ದ. ಎಲ್ಲ ತಿಳಿದಿತ್ತು ಅವನಿಗೆ. "ಸಹಿ ಮಾಡ್ಲೇನ್ರಿ ಅಕ್ಕಾರ? ನಾ ಕೇಳೀನಿ ಅಂತ ಅಂದ್ರಾತು. ಇಬ್ರ ಮ್ಯಾಲ ಬಂದ್ರ ಭಾರ ಕಡಿಮಿ ಆಗ್ತದ" ಎಂದ. ಅಷ್ಟು ಒಳ್ಳೆಯವನು. ನನಗೂ ಆಸೆಯಾಯಿತು. "ಬ್ಯಾಡ ನರಸಪ್ಪ. ನೀ ಕೇಳಿಲ್ಲ" ಎಂದು ಪುಸ್ತಕ ಮುಚ್ಚಿದೆ.

ಶಸ್ತ್ರಚಿಕಿತ್ಸೆ ಆಯಿತು, ಹುಲಿಗೆಮ್ಮ ಉಳಿದಳು. ಬಲಗೈಗೆ ಮಾತ್ರ ಮೊದಲಿನ ಬಲ ಬರಲಿಲ್ಲ. ನಾಟಿಗೆ ಬೇಕಾದದ್ದೇ ಆ ಕೈ. ಸುನಂದಾ ಮೇಡಂಗೆ ನಾನೇ ಹೋಗಿ ಹೇಳಿದೆ, "ಲೈನಿಂದಲ್ರೀ ಮೇಡಂ, ತಪ್ಪು ನಂದು" ಎಂದು. ಕೂಗಾಡುತ್ತಾರೆಂದು ಕಾದೆ. ಕೂಗಾಡಿದ್ದರೆ ಸುಖವಿತ್ತು. "ಆ ಮುಕ್ಕಾಲು ತಾಸಿನಿಂದ ಕೈ ಹೋಯಿತಾ, ಬಿದ್ದ ಏಟಿಗೇ ಹೋಯಿತಾ, ನನಗೆ ಗೊತ್ತಿಲ್ಲ ಮಲ್ಲಮ್ಮ. ಯಾರಿಗೂ ಗೊತ್ತಾಗೋದಿಲ್ಲ" ಎಂದರು, ಅಷ್ಟೇ. ಮೇಲಿನವರಿಗೆ ಬರೆದುಕೊಟ್ಟೆ. ನನಗೊಂದು ಮೆಮೊ ಬಂತು. ಹುಲಿಗೆಮ್ಮನಿಗೆ ಯಾರೂ ಏನೂ ಹೇಳಕೂಡದು ಎಂಬ ಮಾತೂ ಅದರ ಜೊತೆಗೇ ಬಂತು. ಲೈನು ಕೆಟ್ಟಿತ್ತು ಎಂದೇ ಅವಳಿಗೆ ತಿಳಿದಿತ್ತು. ಸಿರವಾರದ ವಾಲ್ಯೂಮನ್ನು ಆ ಭಾನುವಾರವೇ ಅದರ ಗ್ರೂಪಿಗೆ ಸಾಗಿಸಿದೆ. ಮೂರೇ ತಾಸಿನ ಕೆಲಸ.

ಉಳಿದ ಮೂರು ವರ್ಷ ನಾನು ಕೆಲಸ ಮಾಡಿದ್ದು ಹೆದರಿಕೊಂಡೇ. ಕಾರಿಡಾರಿನಲ್ಲಿ ಕೈ ವ್ಯಾಯಾಮಕ್ಕೆ ಬಂದ ಹುಲಿಗೆಮ್ಮ ಕಂಡರೆ ದಾರಿ ಬದಲಿಸುತ್ತಿದ್ದೆ. ಅಷ್ಟರಲ್ಲಿ ಹೊಸ ಸಾಮಾನು ಬಂತು. ಈಗ ಬಣ್ಣಬಣ್ಣದ ಗೆರೆಗಳು ಓಡುವ ಪರದೆ, ಮಿತಿಯನ್ನು ಯಂತ್ರವೇ ಏರಿಸಿ ಇಳಿಸುತ್ತದೆ. ಒಳ್ಳೆಯದೇ. ಯಾರೂ ಯಾರ ಎದುರೂ ಓದುವುದಿಲ್ಲ. ರೂಲು ಪುಸ್ತಕಗಳು ರದ್ದಿಗೆ ಹೊರಟಾಗ ಆ ಒಂದನ್ನು ಕೇಳಿ ಇಸಿದುಕೊಂಡೆ.

ನಿವೃತ್ತಿಯಾದ ಮೇಲೆ ಅದನ್ನು ಖಾದರ್ ಸಾಹೇಬರ ಮನೆಗೆ ಒಯ್ದೆ. ಕಣ್ಣು ಮಂಜಾಗಿವೆ ಅವರಿಗೆ. ನಡೆದದ್ದನ್ನೆಲ್ಲ ಹೇಳಿದೆ.

"ಎದುರಿಗೆ ಯಾರು ಕುಂತಿದ್ರು?"

"ಯಾರೂ ಇಲ್ರೀ ಸಾಹೇಬ್ರ."

"ಹಂಗಾದ್ರ ಆ ಸಾಲು ಇನ್ನಾ ಮುಗದಿಲ್ಲ, ಬೇಟಿ."

ಕಳೆದ ತಿಂಗಳು ಸಿರವಾರಕ್ಕೆ ಹೋದೆ. ಬಸ್ಸು ಇಳಿದ ಮೇಲೂ ಎರಡು ಸಲ ಹಿಂದಿರುಗಲು ನೋಡಿದೆ. ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಹೆಸರುಕಾಳು ಹಸನು ಮಾಡುತ್ತಿದ್ದಳು. ಬಲಗೈ ಮಡಿಲಲ್ಲಿತ್ತು. "ಆಸ್ಪತ್ರಿ ಅಕ್ಕಾರಲ್ರೀ ನೀವು? ಬರ್ರಿ, ಕುಂದರ್ರಿ" ಎಂದು ಜಾಗ ಮಾಡಿಕೊಟ್ಟಳು. ಲೈನು ಕೆಟ್ಟಿರಲಿಲ್ಲ, ಕೆಡಿಸಿದವಳು ನಾನು ಎಂದು ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು. ಪುಸ್ತಕ ತೆರೆದು ಆ ಸಾಲನ್ನು ಓದಿದೆ: ಗ್ರೂಪ್ ಮಾನ್ವಿ, ಮಿತಿ ಒಂದು, ಸೆಕೆಂಡಿಗೆ ಎಂ.ಬಿ.

ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. ಎದ್ದು ಹೋಗೆನ್ನುತ್ತಾಳೆ ಎಂದುಕೊಂಡೆ.

"ಮತ್ತೊಮ್ಮೆ ಓದ್ರಿ" ಎಂದಳು.

ಓದಿದೆ.

"ಮಾನ್ವಿ ಅಂದ್ರಿ. ಇದರಾಗ ನಮ್ಮ ಸಿರವಾರ ಎಲ್ಲಿ ಅದ್ರೀ?"

ಆ ದಿನ ಎದುರಿನ ಕುರ್ಚಿಯಲ್ಲಿ ಯಾರಾದರೂ ಕೂತಿದ್ದರೆ ಕೇಳಬಹುದಾಗಿದ್ದ ಪ್ರಶ್ನೆ ಅದೇ. "ಮಾನ್ವಿ ಒಳಗ ಇತ್ತು, ಯವ್ವಾ. ನಾ ಮರ್ತಿದ್ದೆ" ಎಂದೆ. ಇಷ್ಟು ವರ್ಷ ಅಳದವಳು ಅಲ್ಲಿ ಅತ್ತೆ. ಅವಳು ನನ್ನನ್ನು ಸಂತೈಸಲಿಲ್ಲ, ಬೈಯಲೂ ಇಲ್ಲ. ಖಾಲಿ ಕಾಲಮನ್ನು ತೋರಿಸಿ ಇದೇನು ಎಂದು ಕೇಳಿದಳು. ಕೇಳಿದವರ ಸಹಿ ಎಂದೆ. ಪೆನ್ನಿಗೆ ಎಡಗೈ ಚಾಚಿದಳು. ಆ ಕೈಯಲ್ಲಿ ಬರೆಯಲು ಇತ್ತೀಚೆಗೆ ಕಲಿತಿದ್ದಳಂತೆ. ನಾಲ್ಕು ಅಕ್ಷರದ ಹೆಸರು ಬರೆಯಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ನಾನು ಪುಸ್ತಕ ಅಲುಗದಂತೆ ಹಿಡಿದುಕೊಂಡು ಕಾದೆ.